ಒಪ್ಪಿಗೆ ಶನಿವಾರ

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಜೈಲಿನ ವ್ಯಾನು ಬರುತ್ತಿತ್ತು. ನಲವತ್ತು ಜನ ಇಳಿಯುತ್ತಿದ್ದರು. ಇಬ್ಬಿಬ್ಬರ ಕೈ ಸೇರಿಸಿ ಒಂದು ಕೋಳ. ಕೋರ್ಟಿನ ಹಿಂದಿನ ವರಾಂಡದಲ್ಲಿ ಅವರನ್ನು ಗೋಡೆಗುಂಟ ಕುಕ್ಕರಗಾಲಲ್ಲಿ ಕೂರಿಸುತ್ತಿದ್ದರು. ಬೆಂಚು ಇತ್ತು. ಬೆಂಚು ಪೊಲೀಸರಿಗೆ.

ಆ ಸಾಲಿನ ಮುಂದೆ ಕರೀ ಕೋಟಿನ ಹೆಂಗಸೊಬ್ಬಳು ಒಂದು ಕಟ್ಟು ಫಾರಂ ಹಿಡಿದು ಬಗ್ಗಿ ಬಗ್ಗಿ ನಡೆಯುತ್ತಿದ್ದಳು. ವಕೀಲರನ್ನಿಡಲು ಗತಿಯಿಲ್ಲದವರಿಗೆ ಸರ್ಕಾರ ಕೊಡುವ ವಕೀಲೆ ಅವಳು. ಕೋರ್ಟಿನಲ್ಲಿ ಎಲ್ಲರೂ ಅವಳನ್ನು ಪುಕ್ಕಟೆ ವಕೀಲಮ್ಮ ಅನ್ನುತ್ತಿದ್ದರು. ಬೆನ್ನ ಹಿಂದಲ್ಲ, ಮುಖದೆದುರೇ. ಇಪ್ಪತ್ತೆರಡು ವರ್ಷದಲ್ಲಿ ಅದೇ ಅವಳ ಹೆಸರಾಗಿ ಹೋಗಿತ್ತು. ವಕೀಲರ ಕೋಣೆಯಲ್ಲಿ ಅವಳಿಗೆ ಕುರ್ಚಿ ಇರಲಿಲ್ಲ. ಮೆಟ್ಟಿಲ ಕೆಳಗೆ ಒಂದು ಮೇಜು, ಒಂದು ತಗಡಿನ ಬೀರು. ತಲೆ ಎತ್ತಿದರೆ ಮೆಟ್ಟಿಲು ತಗುಲುತ್ತಿತ್ತು. ಅದಕ್ಕೇ ಅವಳು ಬಗ್ಗಿ ನಡೆಯುವುದು ಎಂದು ಉಳಿದ ವಕೀಲರು ನಗುತ್ತಿದ್ದರು.

ಆ ಶನಿವಾರಕ್ಕೂ ಒಂದು ಹೆಸರಿತ್ತು, ಒಪ್ಪಿಗೆ ಶನಿವಾರ ಅಂತ. ಸಣ್ಣಪುಟ್ಟ ಕೇಸಿನವರು "ಹೌದು, ಮಾಡಿದ್ದು ನಾನೇ" ಎಂದು ಒಪ್ಪಿಕೊಂಡರೆ ಜೈಲಿನಲ್ಲಿ ಆಗಲೇ ಕಳೆದ ತಿಂಗಳುಗಳೇ ಶಿಕ್ಷೆಯಾಗುತ್ತಿತ್ತು. ಅಂದೇ ಬಿಡುಗಡೆ. ಒಪ್ಪದವರು ವಿಚಾರಣೆಗೆ ಕಾಯಬೇಕು. ವಿಚಾರಣೆ ಯಾವಾಗ ಎಂದು ಕೇಳಿದರೆ ಕೋರ್ಟಿನ ಗುಮಾಸ್ತ ಸುಮ್ಮನೆ ನಗುತ್ತಿದ್ದ.

ಒಂದು ಗಂಟೆ, ನಲವತ್ತು ಕೇಸು. ತಲೆಗೆ ಒಂದೂವರೆ ನಿಮಿಷ.

"ಎಷ್ಟು ತಿಂಗಳಾಯ್ತು ಒಳಗೆ?"

"ಆರು, ಮೇಡಂ."

"ಇಲ್ಲಿ ಹೆಬ್ಬೆಟ್ಟು ಒತ್ತಪ್ಪ. ಸಾಹೇಬ್ರು ಕೇಳಿದಾಗ ಹೌದು ಅನ್ನು. ಬೇರೇನೂ ಮಾತಾಡ್ಬೇಡ. ಸಂಜೆಗೆ ಮನೆ."

ಸಂಜೆಗೆ ಮನೆ. ಆ ಎರಡು ಪದಕ್ಕೆ ಬಗ್ಗದವರನ್ನು ಅವಳು ಕಂಡಿರಲಿಲ್ಲ. ಜನ ಅವಳ ಕಾಲಿಗೆ ಬೀಳುತ್ತಿದ್ದರು. ತಾಯಂದಿರು ಅವಳ ಕೈ ಹಿಡಿದು ಅಳುತ್ತಿದ್ದರು. ತಾನು ಒಳ್ಳೆಯ ಕೆಲಸ ಮಾಡುತ್ತಿದ್ದೇನೆಂದು ಅವಳೂ ನಂಬಿದ್ದಳು. ನಂಬದೆ ಇಪ್ಪತ್ತೆರಡು ವರ್ಷ ಬಗ್ಗಿ ನಡೆಯುವುದು ಯಾರಿಂದ ಆಗುತ್ತದೆ?

ಹಾಗೆ ನೋಡಿದರೆ ಇಂಥದೇ ಒಂದು ಶನಿವಾರ ಅವಳಪ್ಪನನ್ನು ತಿಂದಿತ್ತು. ಅಪ್ಪ ಗೂಡ್ಸ್ ಯಾರ್ಡಿನ ಹಮಾಲಿ. ದಿನಕ್ಕೆ ಇನ್ನೂರು ಮೂಟೆ ಬೆನ್ನ ಮೇಲೆ ದಾಟಿಸುತ್ತಿದ್ದ. ಒಂದು ಮೂಟೆ ಕಾಣೆಯಾಯಿತೆಂದು ಹಿಡಿದು ಹಾಕಿದರು. ನಾಲ್ಕು ತಿಂಗಳ ಮೇಲೆ ಯಾರೋ ಒಬ್ಬ ಪುಕ್ಕಟೆ ವಕೀಲ ಹೇಳಿದ, ಒಪ್ಕೋ, ಸಂಜೆಗೆ ಮನೆ ಅಂತ. ಅಪ್ಪ ಒಪ್ಪಿಕೊಂಡ. ಮನೆಗೂ ಬಂದ. ಅಲ್ಲಿಂದಾಚೆ ಯಾರ್ಡಿನಲ್ಲಿ ಒಂದು ಹಗ್ಗ ಕಾಣೆಯಾದರೂ ಮೊದಲು ಅಪ್ಪನನ್ನು ಎಳೆದೊಯ್ಯುತ್ತಿದ್ದರು. ಪ್ರತಿ ಸೋಮವಾರ ಠಾಣೆಗೆ ಹೋಗಿ ಹಾಜರಿ ಹಾಕಬೇಕು. ಬೆಳಿಗ್ಗೆಯಿಂದ ಸಂಜೆವರೆಗೆ ಬಾಗಿಲ ಹೊರಗೆ ಕುಕ್ಕರಗಾಲಲ್ಲಿ ಕೂರಬೇಕು. ಆ ದಿನದ ಕೂಲಿ ಹೋಯಿತು. ಊಟದ ಡಬ್ಬಿ ತಂದುಕೊಡುತ್ತಿದ್ದವಳು ಇವಳೇ, ಆಗ ಒಂಬತ್ತು ವರ್ಷ. ಒಮ್ಮೆ ಒಬ್ಬ ಪೇದೆ ಡಬ್ಬಿ ತೆಗೆದು ಮೂಸಿ, "ಇದನ್ನೂ ಎಲ್ಲಿಂದ ಕದ್ಕೊಂಡು ಬಂದ್ಯೇ?" ಅಂದ. ಅಪ್ಪ ತಲೆ ಎತ್ತಲಿಲ್ಲ. ಮಗಳ ಎದುರು ಏಟು ತಿಂದರೂ ಎತ್ತುತ್ತಿರಲಿಲ್ಲವೇನೋ. ಅವತ್ತೇ ಅವಳು ವಕೀಲೆಯಾಗಬೇಕೆಂದುಕೊಂಡಳು. ಆದಳು. ಆಗಿ ಮಾಡಿದ್ದು ಇದು.

ಇದನ್ನು ಅವಳು ನೆನೆಯುತ್ತಿರಲಿಲ್ಲ. ಶನಿವಾರ ನೆನೆಯಲು ಪುರುಸೊತ್ತಿರಲಿಲ್ಲ. ಉಳಿದ ದಿನ ಧೈರ್ಯವಿರಲಿಲ್ಲ.

ಹೀಗಿರುವಾಗ ಒಂದು ಶನಿವಾರ ಸಾಲಿನ ಕೊನೆಯಲ್ಲಿ ಕೂತಿದ್ದ ಹೆಂಗಸು ಹೆಬ್ಬೆಟ್ಟು ಕೊಡಲಿಲ್ಲ.

ಐವತ್ತರ ಆಸುಪಾಸು. ಬೆರಳುಗಳ ತುದಿ ಫಿನಾಯಿಲಿಗೆ ಬೆಂದು ಬೆಳ್ಳಗಾಗಿ ಬಿರಿದಿದ್ದವು. ದೊಡ್ಡಾಸ್ಪತ್ರೆಯ ಶವಾಗಾರದಲ್ಲಿ ಹೆಣ ತೊಳೆಯುವವಳು. ಆಸ್ಪತ್ರೆಯವರು ಅವಳನ್ನು ಕರೆಯುತ್ತಿದ್ದುದು ಹೆಣದಕ್ಕ ಅಂತ. ದೊಡ್ಡ ಮನೆಯ ಮುದುಕಿಯೊಬ್ಬರ ಹೆಣದ ಕಿವಿಯಿಂದ ವಜ್ರದ ಓಲೆ ಕಿತ್ತಳೆಂದು ಕೇಸು. ಹನ್ನೊಂದು ತಿಂಗಳಾಗಿತ್ತು. ಜಾಮೀನು ಕೊಟ್ಟಿದ್ದರು. ಆದರೆ ಜಾಮೀನಿಗೆ ಸ್ವಂತ ಮನೆ ಇರುವ ಇಬ್ಬರು ನಿಲ್ಲಬೇಕು. ಹೆಣ ತೊಳೆಯುವವಳಿಗೆ ಸ್ವಂತ ಮನೆಯವರ ಪರಿಚಯವಾಗುವುದು ಅವರು ಸತ್ತ ಮೇಲಷ್ಟೇ.

"ಒತ್ತಮ್ಮ, ಹೊತ್ತಾಯ್ತು," ಅಂದಳು ವಕೀಲೆ.

"ಒತ್ತಲ್ಲ."

"ಏನಂದೆ?"

"ನಾನು ಕದ್ದಿಲ್ಲ. ಕದ್ದೆ ಅಂತ ಒತ್ತಲ್ಲ."

"ಒತ್ತಿದ್ರೆ ಸಂಜೆಗೆ ಮನೆ. ಇಲ್ಲಾಂದ್ರೆ ಇನ್ನೂ ಎಷ್ಟು ವರ್ಷವೋ. ಮಗಳು ಹೊರಗೆ ಕಾಯ್ತಿದಾಳೆ. ತಲೆ ನೆಟ್ಟಗಿದೆಯಾ ನಿಂಗೆ?"

"ನೆಟ್ಟಗಿರೋದಕ್ಕೇ ಒತ್ತಲ್ಲ ಅಂತಿರೋದು."

ಪಕ್ಕದವರು ನಕ್ಕರು. ವಕೀಲೆಗೆ ಮೈ ಉರಿಯಿತು. ನಲವತ್ತರಲ್ಲಿ ಒಂದು ತಪ್ಪಿದರೆ ಲೆಕ್ಕ ಕೆಡುತ್ತದೆ, ಸಾಹೇಬರು ಗೊಣಗುತ್ತಾರೆ. "ನಿನ್ನ ಹಣೆಬರಹ," ಎಂದು ಫಾರಂ ಕಿತ್ತುಕೊಂಡಳು. ಒಳಗೆ ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ, "ಏನು ವಕೀಲಮ್ಮ, ನಿಮ್ಮ ಕಕ್ಷಿಗೆ ಜೈಲಿನ ಊಟ ಹಿಡಿಸಿಬಿಡ್ತಾ?" ಅಂದರು. ಎಲ್ಲರೂ ನಕ್ಕರು. ವಕೀಲೆಯೂ ನಕ್ಕಳು. ಹೆಣದಕ್ಕನನ್ನು ವ್ಯಾನಿಗೆ ಹತ್ತಿಸಿದರು.

ಮಗಳು ಗಾರ್ಮೆಂಟ್ ಕಾರ್ಖಾನೆಯಲ್ಲಿ ಕಾಲರು ಹೊಲಿಯುವವಳು. ಅರ್ಧ ದಿನದ ರಜೆ ಹಾಕಿ ಬಂದಿದ್ದಳು. ಮೆಟ್ಟಿಲ ಕೆಳಗೆ ಬಂದು ವಕೀಲೆಯ ಮೊಣಕಾಲು ಹಿಡಿದುಕೊಂಡಳು.

"ಹೇಗಾದ್ರೂ ಮಾಡಿ ಒಪ್ಪಿಸಿ ಅಕ್ಕಾ. ಕಾರ್ಖಾನೆ ಸಾಲಲ್ಲಿ ನನ್ನ ಪಕ್ಕ ಯಾರೂ ಕೂರ್ತಿಲ್ಲ. ಹೆಣದ ಕಿವಿ ಕಿತ್ತವಳ ಮಗಳು ಅಂತಾರೆ. ಒಪ್ಕೊಂಡ್ರೂ ಅಂತಾರೆ, ಒಪ್ಕೊಳ್ದೇ ಇದ್ರೂ ಅಂತಾರೆ. ಅಮ್ಮ ಮನೆಗಾದ್ರೂ ಬರ್ಲಿ."

"ಹೇಳ್ತೀನಿ. ಜೈಲಿಗೇ ಹೋಗಿ ಹೇಳ್ತೀನಿ," ಅಂದಳು ವಕೀಲೆ.

ಬುಧವಾರ ಹೋದಳು. ಕೈದಿಗಳನ್ನು ಭೇಟಿಯಾಗುವ ಮುಲಾಕಾತು ಕೋಣೆಯಲ್ಲಿ ಒಂದು ಮರದ ಮೇಜು, ಅತ್ತ ಇತ್ತ ಎರಡು ಸ್ಟೂಲು, ಬಾಗಿಲಲ್ಲಿ ಒಬ್ಬ ಮಹಿಳಾ ವಾರ್ಡರು. ಹೆಣದಕ್ಕ ಬಂದು ಕೂರದೆ ನಿಂತಳು. ಹೇಳಿದ ಮೇಲೆ ಕೂತಳು. ವಕೀಲೆ ಅರ್ಧ ಗಂಟೆ ಮಾತಾಡಿದಳು. ಮಗಳ ಕಷ್ಟ, ವಯಸ್ಸು, ವಿಚಾರಣೆಯ ಅನಿಶ್ಚಿತತೆ, ಎಲ್ಲ. ಹೆಣದಕ್ಕ ಪೂರ್ತಿ ಕೇಳಿಸಿಕೊಂಡಳು.

"ಹತ್ತೊಂಬತ್ತು ವರ್ಷ ಹೆಣ ತೊಳ್ದಿದೀನಿ ಮೇಡಂ," ಅಂದಳು ಆಮೇಲೆ. "ಸುಟ್ಟ ಮೈ. ನೀರಲ್ಲಿ ಊದಿದ ಮೈ. ರೈಲಿಗೆ ಸಿಕ್ಕಿದ್ದನ್ನ ಬಕೆಟ್ಟಲ್ಲಿ ತರ್ತಾರೆ, ಅದನ್ನೂ ಜೋಡ್ಸಿ ಕೊಟ್ಟಿದೀನಿ, ಮನೆಯೋರು ಮುಖ ನೋಡ್ಲಿ ಅಂತ. ಡಾಕ್ಟ್ರು ಬಾಗಿಲಲ್ಲಿ ಮೂಗು ಮುಚ್ಕೊಂಡು ನಿಂತಿರ್ತಾರೆ. ತಿರುಗ್ಸು ಅಂತಾರೆ, ತಿರುಗಿಸ್ತೀನಿ. ಮಧ್ಯಾಹ್ನ ಕ್ಯಾಂಟೀನಿಗೆ ಹೋದ್ರೆ ನಂಗೆ ಅಂತ ಬೇರೆ ಲೋಟ ಇಟ್ಟಿದಾನೆ. ಇರ್ಲಿ. ಒಂದೇ ಒಂದು ದಿನ ಒಂದು ದಾರ ಎತ್ಕೊಂಡಿಲ್ಲ. ಬದುಕಿರೋರದ್ದು ಕದ್ರೆ ಬಯ್ತಾರೆ, ಬಡೀತಾರೆ. ಸತ್ತೋರು ಏನ್ ಮಾಡ್ತಾರೆ? ಆ ಕೋಣೇಲಿ ಅವ್ರಿಗೆ ನನ್ನ ಬಿಟ್ರೆ ಯಾರಿದಾರೆ?"

ವಕೀಲೆ ಗಡಿಯಾರ ನೋಡಿದಳು.

"ಒಂದು ಕೇಳ್ಲಾ ಮೇಡಂ? ಬೇಜಾರು ಮಾಡ್ಕೋಬೇಡಿ. ಪೊಲೀಸ್ನೋರು ಎಲ್ಲಿಟ್ಟಿದೀಯಾ ಅಂತ ಕೇಳಿದ್ರು. ಸಾಹೇಬ್ರು ಒಪ್ತೀಯಾ ಅಂತ ಕೇಳಿದ್ರು. ನೀವು ಒತ್ತು ಅಂದ್ರಿ. ಹನ್ನೊಂದು ತಿಂಗ್ಳಲ್ಲಿ ಕದ್ದೆಯಾ ಅಂತ ಒಬ್ರೂ ಕೇಳಿಲ್ಲ. ನೀವಾದ್ರೂ ಕೇಳ್ಬಹುದಿತ್ತು."

ವಾರ್ಡರು ಬಾಗಿಲಲ್ಲಿ ಕೆಮ್ಮಿದಳು. ಇಪ್ಪತ್ತೆರಡು ವರ್ಷ, ಶನಿವಾರಕ್ಕೆ ನಲವತ್ತು. ಆ ಪ್ರಶ್ನೆಯನ್ನು ಕೊನೆಯ ಸಲ ಯಾರಿಗೆ ಕೇಳಿದ್ದೆ ಎಂದು ವಕೀಲೆ ಹುಡುಕಿದಳು. ಸಿಗಲಿಲ್ಲ.

"ಕದ್ದೆಯಾ?" ಅಂದಳು.

"ಇಲ್ಲ."

ಅಷ್ಟೇ. ಹೆಣದಕ್ಕ ಎದ್ದು ನಿಂತಳು. ಮಗಳಿಗೆ ಕೊಡಿ ಎಂದು ಏನೂ ಕಳಿಸಲಿಲ್ಲ, ಏನೂ ಇರಲಿಲ್ಲ.

ಮಧ್ಯಾಹ್ನ ಮೆಟ್ಟಿಲ ಕೆಳಗೆ ಕೂತು ವಕೀಲೆ ತಗಡಿನ ಬೀರುವಿನಿಂದ ಆ ಫೈಲು ತೆಗೆದಳು. ದಾರವನ್ನು ಯಾರೂ ಬಿಚ್ಚಿರಲಿಲ್ಲ. ಕಟ್ಟಿದ್ದ ಗಂಟು ಪೊಲೀಸರದೇ. ಒಂದೊಂದೇ ಹಾಳೆ ಓದಿದಳು. ಒಂಬತ್ತನೆಯ ಹಾಳೆ ವಾರ್ಡಿನ ನರ್ಸು ಬರೆದದ್ದು. ಮುದುಕಿ ಸತ್ತ ಹೊತ್ತು, ಮೈಮೇಲಿನ ಬಟ್ಟೆ, ಬಳೆ. ಕೊನೆಯ ಸಾಲು: "ಎರಡೂ ಕಿವಿ ಬರಿದು. ಎಡಗಿವಿ ಹರಿದಿದೆ." ಬರೆದ ಹೊತ್ತು ಸಂಜೆ ನಾಲ್ಕು. ಹೆಣ ಶವಾಗಾರಕ್ಕೆ ಹೋದದ್ದು ಆರು ಗಂಟೆಗೆ.

ಓಲೆ ಹೋದದ್ದು ವಾರ್ಡಿನಲ್ಲಿ. ದೊಡ್ಡ ಮನೆಯವರು ಗಲಾಟೆ ಮಾಡಿದಾಗ ಆಸ್ಪತ್ರೆಯ ಮೇಲ್ವಿಚಾರಕ ಕೈ ತೋರಿಸಿದ್ದು ಶವಾಗಾರದ ಕಡೆಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆ ಹಾಳೆ ಹನ್ನೊಂದು ತಿಂಗಳಿಂದ ಇವಳ ಬೀರುವಿನಲ್ಲೇ ಇತ್ತು. ಬೀಗದ ಕೈ ಇವಳ ಸೊಂಟದಲ್ಲಿತ್ತು.

ಅವಳು ಅಳಲಿಲ್ಲ. ಆ ಫೈಲನ್ನು ಪಕ್ಕಕ್ಕಿಟ್ಟು, ಮುಂದಿನ ಶನಿವಾರ ಬರಬೇಕಿದ್ದವರ ಫೈಲುಗಳನ್ನೆಲ್ಲ ಬಿಚ್ಚಿದಳು.

ಮುಂದಿನ ಶನಿವಾರ ವ್ಯಾನು ಬಂತು. ಸಾಲು ಕೂತಿತು. ವಕೀಲೆಯ ಕೈಯಲ್ಲಿ ಫಾರಂ ಇರಲಿಲ್ಲ. ಅವಳು ಬಂದು ನೆಲದ ಮೇಲೆ ಅವರ ಎದುರಿಗೇ ಕೂತಳು. ಕರೀ ಕೋಟಿಗೆ ಧೂಳು ಮೆತ್ತಿತು. ಪೇದೆಗಳು ಮುಖ ಮುಖ ನೋಡಿಕೊಂಡರು.

"ಕೇಳಿ," ಅಂದಳು. "ಒಪ್ಕೊಂಡ್ರೆ ಸಂಜೆಗೆ ಮನೆ ಅಂತ ಇಷ್ಟು ವರ್ಷ ಹೇಳ್ದೆ. ಅದು ನಿಜ. ಅರ್ಧ ನಿಜ. ಇನ್ನರ್ಧ ಹೇಳ್ಲಿಲ್ಲ. ಒಪ್ಕೊಂಡ ದಿನದಿಂದ ನೀವು ಕಳ್ಳರು. ಬೀದೀಲಿ ಏನೇ ಹೋದ್ರೂ ನಿಮ್ಮ ಮನೆ ಬಾಗಿಲೇ ಮೊದ್ಲು ತಟ್ಟೋದು. ನಮ್ಮಪ್ಪ ಹಮಾಲಿ. ಹಿಂಗೇ ಒಪ್ಕೊಂಡ. ಸಾಯೋ ತನಕ ಸೋಮವಾರ ಸೋಮವಾರ ಠಾಣೆ ಮುಂದೆ ನಿಮ್ಮ ಹಂಗೇ ಕೂತಿದ್ದ. ಈಗ ಒಬ್ಬೊಬ್ರನ್ನೇ ಕೇಳ್ತೀನಿ. ನಂಗೆ ನಿಜ ಹೇಳಿ. ಮಾಡಿದೀಯಾ?"

ಮೊದಲನೆಯವನು ಹಲ್ಲಿಲ್ಲದ ಮುದುಕ. "ನಾನಂತೂ ಮಾಡಿದೀನಿ ತಾಯಿ. ಸೈಕಲ್ಲು ಕದ್ದೆ, ಮಾರ್ದೆ, ಕುಡ್ದೆ. ನಂಗ್ಯಾಕೆ ಅಡ್ಡ ಹಾಕ್ತೀರಾ? ಫಾರಂ ಕೊಡಿ."

ಸಾಲಿಗೆ ಸಾಲೇ ನಕ್ಕಿತು. ವಕೀಲೆ ಬ್ಯಾಗಿನಿಂದ ಒಂದು ಫಾರಂ ತೆಗೆದುಕೊಟ್ಟಳು.

ಎಂಟನೆಯವನು ಗಾರೆ ಕೆಲಸದವನು. ಎತ್ತರದ ಆಳು, ಬಗ್ಗಿದ ಹೆಗಲು, ಸಿಮೆಂಟು ತಿಂದ ಅಂಗೈ. ತಾನೇ ಕಟ್ಟಿದ ಕಟ್ಟಡದಿಂದ ತಾಮ್ರದ ತಂತಿ ಕದ್ದನೆಂದು ಕೇಸು. ಅವನ ಕೂಲಿ ಉಳಿಸಿಕೊಂಡಿದ್ದ ಗುತ್ತಿಗೆದಾರನೇ ದೂರು ಕೊಟ್ಟವನು. ಐದು ತಿಂಗಳಾಗಿತ್ತು.

"ಮಾಡಿಲ್ಲ," ಅಂದ. ಆಮೇಲೆ ತಡೆದು, "ಆದ್ರೆ ಮನೆಗೆ ಹೋಗ್ಬೇಕು ಮೇಡಂ. ಹೆಂಡ್ತಿ ಒಬ್ಳೇ ಇದಾಳೆ. ನೀವೇ ಹೇಳಿ, ಒಪ್ಕೊಳ್ಳಾ?"

"ನೀನು ಹೇಳು."

"ನಂಗೇನು ಗೊತ್ತಾಗುತ್ತೆ? ನೀವು ಓದಿರೋರು."

ವಕೀಲೆ ಅವನ ಮುಖ ನೋಡಿದಳು. "ಮಾಡಿಲ್ಲ ಅಂದ್ಮೇಲೆ ಯಾಕಪ್ಪ ಒಪ್ಕೋತೀಯಾ? ನಾನು ಬಡಿದಾಡ್ತೀನಿ. ನಾಲ್ಕು ತಿಂಗ್ಳಲ್ಲಿ ಹೊರಗೆ ತರ್ತೀನಿ."

ಅವನು ತಲೆಯಾಡಿಸಿದ. "ಹಂಗಾದ್ರೆ ಸರಿ."

ಆ ದಿನ ಹದಿನೇಳು ಜನ ಒಪ್ಪಲಿಲ್ಲ. ಕರೆದಾಗ ಆ ಹದಿನೇಳೂ ಜನ ಕಟಕಟೆಗೆ ಬಂದು "ನಾನು ಮಾಡಿಲ್ಲ" ಅಂದರು. ಒಂದು ಗಂಟೆಯ ಕೆಲಸ ಮೂರು ಗಂಟೆಯಾಯಿತು. ಗುಮಾಸ್ತನಿಗೆ ಬರೆದು ಬರೆದು ಕೈ ಸೋತಿತು. ನ್ಯಾಯಾಧೀಶರು ನಗುವುದನ್ನು ಬಿಟ್ಟರು. ಸಂಜೆ ವಕೀಲೆಯನ್ನು ಕೋಣೆಗೆ ಕರೆಸಿದರು. ಚಹಾ ತರಿಸಿದರು. ಕೆಟ್ಟ ಮನುಷ್ಯರಲ್ಲ.

"ನಾನೇನು ರಾಕ್ಷಸನಾ ವಕೀಲಮ್ಮ? ನನ್ನ ತಲೆ ಮೇಲೆ ನಾಲ್ಕು ಸಾವಿರ ಕೇಸಿದೆ. ಜನ ಮನೆಗೆ ಹೋಗ್ಲಿ ಅಂತ ತಾನೇ ಈ ಶನಿವಾರ ಮಾಡಿದ್ದು? ನಿಮ್ಮ ಹಠಕ್ಕೆ ಹದಿನೇಳು ಜನ ವಾಪಸ್ ಜೈಲಿಗೆ ಹೋದ್ರು. ಈ ಪಾಪ ಯಾರ ತಲೆಗೆ?"

"ಇಪ್ಪತ್ತೆರಡು ವರ್ಷ ಮಾಡದೇ ಇರೋದನ್ನ ಒಪ್ಪಿಸಿ ಕಳಿಸಿದೀನಿ ಸ್ವಾಮಿ. ಆ ಪಾಪ ಯಾರ ತಲೆಗೆ?"

"ಭಾಷಣ ಬೇಡ. ಮುಂದಿನ ವಾರ ಫಾರಂ ಸಮೇತ ಬನ್ನಿ. ಇಲ್ಲದಿದ್ರೆ ಮೇಲೆ ಬರೀಬೇಕಾಗುತ್ತೆ."

"ಬರೀರಿ."

ಚಹಾ ಹಾಗೇ ಆರಿತು. ಹೊರಗೆ ಬಂದು ಅವಳು ಮೆಟ್ಟಿಲ ಮೇಲೇ ಕೂತಳು. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ ಇದ್ದಳು, ಇದೊಂದೇ ಸಂಬಳ. ನೀರಿಗಿಳಿದ ಮೇಲೆ ಚಳಿಯೇನು ಎಂದುಕೊಂಡಳು. ಚಳಿ ಇತ್ತು.

ಹೆಣದಕ್ಕನ ವಿಚಾರಣೆ ಮೂರು ತಿಂಗಳಿಗೆ ಬಂತು. ವಕೀಲೆ ದಿನಾ ಅರ್ಜಿ ಹಾಕಿ ಹಾಕಿ ಗುಮಾಸ್ತನ ಜೀವ ತಿಂದಿದ್ದಳು. ಆಸ್ಪತ್ರೆಯ ಮೇಲ್ವಿಚಾರಕ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಸಾಕ್ಷಿ ಹೇಳಲು ಬಂದ.

"ಒಂಬತ್ತನೇ ಹಾಳೆ. ಕೊನೇ ಸಾಲು ಗಟ್ಟಿಯಾಗಿ ಓದಿ," ಅಂದಳು ವಕೀಲೆ.

ಅವನು ಮನಸ್ಸಿನಲ್ಲೇ ಓದಿಕೊಂಡ.

"ಗಟ್ಟಿಯಾಗಿ."

"ಎರಡೂ ಕಿವಿ ಬರಿದು. ಎಡಗಿವಿ ಹರಿದಿದೆ."

"ಎಷ್ಟು ಗಂಟೆಗೆ ಬರೆದದ್ದು?"

"ನಾಲ್ಕು."

"ಆಗ ಹೆಣ ಎಲ್ಲಿತ್ತು?"

ಉತ್ತರ ಕೊಟ್ಟದ್ದು ಕಟಕಟೆಯಲ್ಲಿದ್ದ ಹೆಣದಕ್ಕ. "ಇವ್ರ ವಾರ್ಡಲ್ಲೇ ಇತ್ತು ಸ್ವಾಮಿ. ನನ್ನ ಹತ್ರ ಇನ್ನೂ ಬಂದಿರ್ಲಿಲ್ಲ."

ಬಿಡುಗಡೆ ಆದದ್ದು ಒಂದೂವರೆ ನಿಮಿಷದಲ್ಲಿ. ಹದಿನಾಲ್ಕು ತಿಂಗಳು ಯಾಕೆ ಕೂರಿಸಿದಿರಿ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಅವಳ ಕೆಲಸಕ್ಕೆ ಆಸ್ಪತ್ರೆಯವರು ಬೇರೆಯವಳನ್ನು ಇಟ್ಟುಕೊಂಡಿದ್ದರು. ಮಗಳು ಕೋರ್ಟಿನ ಗೇಟಿನಲ್ಲಿ ಅಮ್ಮನನ್ನು ಅಪ್ಪಿಕೊಳ್ಳಲಿಲ್ಲ. ಮೊದಲು ಬೈದಳು. "ಅವತ್ತೇ ಬರ್ಬಹುದಿತ್ತಲ್ಲಮ್ಮ, ಅವತ್ತೇ ಬರ್ಬಹುದಿತ್ತು," ಎಂದು ಎದೆಗೆ ಗುದ್ದಿ ಗುದ್ದಿ ಅತ್ತಳು. ಹೆಣದಕ್ಕ ಗುದ್ದಿಸಿಕೊಂಡಳು.

ಮಾರನೆಯ ದಿನ ವಕೀಲೆಗೆ ಕಾಗದ ಬಂತು. ಸೇವೆ ಇನ್ನು ಬೇಕಾಗಿಲ್ಲ. ಬೀರುವಿನ ಬೀಗದ ಕೈ ಒಪ್ಪಿಸುವುದು. ಒಪ್ಪಿಗೆ ಶನಿವಾರ ನಿಲ್ಲಲಿಲ್ಲ. ಹೊಸ ವಕೀಲನೊಬ್ಬ ಬಂದ, ಫಾರಂ ಕಟ್ಟು ಹಿಡಿದ. ಆದರೆ ಜೈಲಿನೊಳಗೆ ಮಾತು ಹಬ್ಬಿತ್ತು. ಈಗ ಸಾಲಿನಲ್ಲಿ ಅಲ್ಲೊಬ್ಬ ಇಲ್ಲೊಬ್ಬ, "ನನ್ನ ಫೈಲು ಓದಿದೀರಾ ಸಾರ್?" ಎಂದು ಕೇಳುತ್ತಿದ್ದ. ಹೊಸಬ ತಡಬಡಾಯಿಸುತ್ತಿದ್ದ.

ಹದಿನೇಳರಲ್ಲಿ ಒಂಬತ್ತು ಜನ ಹೊರಗೆ ಬಂದಿದ್ದರು. ಗಾರೆಯವನು ಬಂದಿರಲಿಲ್ಲ. ಗುತ್ತಿಗೆದಾರ ಸಾಕ್ಷಿಗೆ ಬರದೆ ವಾಯಿದೆ ತೆಗೆದುಕೊಳ್ಳುತ್ತಲೇ ಇದ್ದ. ಅವಳು ಹೇಳಿದ್ದ ನಾಲ್ಕು ತಿಂಗಳು ಮುಗಿದು ಹನ್ನೆರಡು ದಿನವಾಗಿತ್ತು. ಗಾರೆಯವನು ಸತ್ತನೆಂದು ಸುದ್ದಿ ಬಂತು. ಜ್ವರ, ಅಂದರು. ಪುಪ್ಪುಸದಲ್ಲಿ ನೀರು, ಅಂದರು.

ಬೆಳಿಗ್ಗೆ ಎಂಟಕ್ಕೆ ವಕೀಲೆ ಅವನ ಮನೆ ಹುಡುಕಿಕೊಂಡು ಹೋದಳು. ಸಾಲು ಮನೆಗಳ ಕೊನೆಯ ಕೋಣೆ, ತಗಡಿನ ಸೂರು. ಅಂಗಳದಲ್ಲಿ ಬಿಳಿ ಬಟ್ಟೆ ಸುತ್ತಿದ ಉದ್ದನೆಯ ಗಂಟು. ಅವನ ಹೆಂಡತಿ ಇಟ್ಟಿಗೆ ಹೊರುವವಳು, ಸಣ್ಣ ಮೈಕಟ್ಟಿನವಳು. ಕರೀ ಕೋಟು ಕಂಡದ್ದೇ ಎದ್ದು ಬಂದು ವಕೀಲೆಯ ಕೆನ್ನೆಗೆ ಹೊಡೆದಳು. ಇಟ್ಟಿಗೆ ಹೊತ್ತ ಕೈ. ವಕೀಲೆ ಗೋಡೆಗೆ ಬಿದ್ದಳು.

"ನೀನು ಹೇಳ್ದೇ ಇದ್ದಿದ್ರೆ ಅವತ್ತೇ ಮನೆಗೆ ಬರ್ತಿದ್ದ! ಕಳ್ಳ ಅನ್ನಿಸ್ಕೊಂಡೇ ಬರ್ತಿದ್ದ! ಕಳ್ಳನ ಹೆಂಡ್ತಿ ಆಗೇ ಇರ್ತಿದ್ದೆ ನಾನು! ನಿನ್ನ ನ್ಯಾಯ ನನ್ನ ಗಂಡನ್ನ ತಿಂತು!"

ವಕೀಲೆ ಗೋಡೆ ಹಿಡಿದು ನೆಟ್ಟಗೆ ನಿಂತಳು. ಹೆಂಡತಿ ಹೇಳಿದ್ದು ಸುಳ್ಳಾಗಿರಲಿಲ್ಲ.

ಹೆಣದಕ್ಕನೂ ಬಂದಿದ್ದಳು. ಅವಳಿಗೆ ಯಾರು ಹೇಳಿದರೋ. ಒಂದು ಬಕೆಟ್ಟು, ಒಂದು ಮಗ್ಗು, ಹಳೆಯ ಮೆತ್ತನೆಯ ಬಟ್ಟೆ ತಂದಿದ್ದಳು. ಜೈಲಿನಿಂದ ಬಂದ ಹೆಣವನ್ನು ಮುಟ್ಟಲು ನೆಂಟರು ಹಿಂಜರಿಯುತ್ತಿದ್ದರು. ಅವಳು ಬಾಗಿ ಗಂಟು ಬಿಚ್ಚಿದಳು.

"ನೀರು ಹಾಕಿ ಮೇಡಂ," ಅಂದಳು. ವಕೀಲೆ ಕೋಟು ಬಿಚ್ಚಿಟ್ಟು ಮಗ್ಗು ಹಿಡಿದಳು.

ಮುಖ ತೊಳೆದರು. ಕತ್ತು ತೊಳೆದರು. ಎದೆಯ ಮೇಲೆ ನೀರು ಬಿದ್ದಾಗ ಹೆಣದಕ್ಕನ ಕೈ ನಿಂತಿತು. ಗಂಟಲಿಂದ ಹೊಟ್ಟೆಯವರೆಗೆ ಬೆರಳಾಡಿಸಿ ನೋಡಿದಳು. ಹೆಣದ ತಲೆ ಎತ್ತಿ ಕೂದಲ ಕೆಳಗೆ ನೋಡಿದಳು.

"ಪೋಸ್ಟ್‌ಮಾರ್ಟಮ್ ಆಯ್ತು ಅಂತ ಕಾಗದ ಕೊಟ್ಟಿದಾರಾ?"

ಹೆಂಡತಿ ಸೆರಗಿನ ಗಂಟಿನಿಂದ ಕಾಗದ ತೆಗೆದುಕೊಟ್ಟಳು. ವಕೀಲೆ ಓದಿದಳು. "ಎದೆ ಮತ್ತು ತಲೆ ತೆರೆದು ಪರೀಕ್ಷಿಸಲಾಯಿತು. ಮೈಮೇಲೆ ಗಾಯವಿಲ್ಲ."

"ಎದೆ ತೆರೆದ್ರೆ ಹೊಲೀಬೇಕಲ್ಲ? ಹೊಲಿಗೆ ಎಲ್ಲಿ?" ಅಂದಳು ಹೆಣದಕ್ಕ. "ಹತ್ತೊಂಬತ್ತು ವರ್ಷ ಹೊಲ್ದಿದೀನಿ. ಇಲ್ಲಿಂದ ಇಲ್ಲೀವರೆಗೆ ಬರುತ್ತೆ. ಈ ಮೈಗೆ ಕತ್ತಿ ಮುಟ್ಟೇ ಇಲ್ಲ. ಕೋಣೇಲಿ ಕೂತು ಬರ್ದಿದಾರೆ." ಅವನನ್ನು ಪಕ್ಕಕ್ಕೆ ಹೊರಳಿಸಿದಳು. ಬೆನ್ನ ತುಂಬ ಅಡ್ಡಡ್ಡ ಕಪ್ಪು ಬಾಸುಂಡೆ. ಕಾಲ ಹತ್ತಿರ ಹೋಗಿ ಅಂಗಾಲು ಒರೆಸಿದಳು. ಅಂಗಾಲು ಎರಡೂ ಬದನೆಯ ಬಣ್ಣಕ್ಕೆ ತಿರುಗಿ ಊದಿದ್ದವು. "ಜ್ವರ ಅಂಗಾಲಿಗೆ ಹೊಡೆಯಲ್ಲ ಮೇಡಂ."

ಹೆಂಡತಿ ಅಳು ನಿಲ್ಲಿಸಿದಳು. ಹತ್ತಿರ ಬಂದು ಗಂಡನ ಅಂಗಾಲು ಕೈಯಲ್ಲಿ ಹಿಡಿದುಕೊಂಡಳು. "ವಿಚಾರಣೆ ಬೇಕಾ ನಿಂಗೆ, ದೊಡ್ಡ ಮನುಷ್ಯ ಆಗಿದೀಯಾ ಅಂತ ಜೈಲಿನೋರು ಬೈತಾರೆ ಅಂದಿದ್ದ. ಹೊಡೀತಾರೆ ಅಂದಿರ್ಲಿಲ್ಲ," ಅಂದಳು.

ನೆಂಟರಲ್ಲಿ ಹಿರಿಯನೊಬ್ಬ, "ಆಗಿದ್ದಾಯ್ತು. ಮಣ್ಣು ಮಾಡೋಣ. ಕಾಲಕ್ಕೆ ಬಿಡೋಣ," ಅಂದ. ಗುಂಡಿ ಆಗಲೇ ತೋಡಿಸಿದ್ದರು.

"ಮಣ್ಣು ಮಾಡಿದ್ರೆ ಈ ಕಾಗದವೇ ನಿಜ," ಅಂದಳು ಹೆಣದಕ್ಕ. "ನೀರು ಸಾಕು. ಐಸ್ ತರ್ಸಿ."

ಹಿರಿಯ ಹೆಂಡತಿಯ ಮುಖ ನೋಡಿದ. ಅವಳು ವಕೀಲೆಯ ಕಡೆ ತಿರುಗಿದಳು. ಹೊಡೆದ ಕೈ ಇನ್ನೂ ಕೆಂಪಗಿತ್ತು.

"ಈ ಸಲ ಏನೂ ಭರವಸೆ ಕೊಡಲ್ಲ ನಾನು," ಅಂದಳು ವಕೀಲೆ. "ಸರ್ಕಾರದ ವಕೀಲೆ ಅಲ್ಲ ಈಗ. ಹೆಣ ಮತ್ತೆ ಪರೀಕ್ಷೆ ಮಾಡ್ಲಿ ಅಂತ ಮೇಲಿನ ಕೋರ್ಟಿಗೆ ಅರ್ಜಿ ಬರೀಬಹುದು. ಎಷ್ಟು ದಿನ ಹಿಡಿಯುತ್ತೋ ಗೊತ್ತಿಲ್ಲ. ಗೆಲ್ತೀವೋ ಗೊತ್ತಿಲ್ಲ. ನೀನು ಬೇಡ ಅಂದ್ರೆ ಹೋಗ್ತೀನಿ."

"ನಿನ್ನ ಮೇಲಿನ ಸಿಟ್ಟು ನಂಗೆ ಸಾಯೋ ತನಕ ಹೋಗಲ್ಲ," ಅಂದಳು ಹೆಂಡತಿ. "ಬರಿ."

ವಕೀಲೆ ಹೊಸ್ತಿಲ ಮೇಲೆ ಕೂತು ಬರೆದಳು. ಪ್ರತಿ ಸಾಲಿಗೂ ಹೆಂಡತಿಯನ್ನು ಕೇಳಿದಳು, ಹೆಣದಕ್ಕನನ್ನು ಕೇಳಿದಳು, ಮತ್ತೆ ಓದಿ ಹೇಳಿದಳು. ಮಧ್ಯಾಹ್ನದ ಬಸ್ಸು ಹಿಡಿದು ಮೇಲಿನ ಕೋರ್ಟಿಗೆ ಹೋದಳು.

ಮೂರು ದಿನ. ಅವನ ಜೊತೆಯ ಗಾರೆಯವರು ಮೀನು ಮಾರ್ಕೆಟ್ಟಿನಿಂದ ಗಾರೆ ಬಾಣಲಿಗಳಲ್ಲಿ ಐಸ್ ಹೊತ್ತು ತಂದರು. ಹೆಣದಕ್ಕ ಮರದ ಹೊಟ್ಟು ಹಾಸಿ, ಐಸ್ ಕೂರಿಸಿ, ಕರಗಿದ ನೀರನ್ನು ಬಟ್ಟೆಯಲ್ಲಿ ಹಿಂಡಿ ಹಿಂಡಿ ತೆಗೆದಳು. ಬಿರಿದ ಬೆರಳುಗಳಿಂದ ರಕ್ತ ಬಂತು. ಮಗಳು ಸಂಜೆ ಕಾರ್ಖಾನೆ ಬಿಟ್ಟ ಮೇಲೆ ಬಂದು ಅಮ್ಮನ ಪಕ್ಕ ಕೂತು ಹಿಂಡತೊಡಗಿದಳು. ಎರಡನೇ ದಿನ ಇನ್ಸ್‌ಪೆಕ್ಟರ್ ಬಂದ.

"ಹೆಣ ಎತ್ತಿ. ವಾಸನೆ ಬರ್ತಿದೆ ಅಂತ ಅಕ್ಕಪಕ್ಕದೋರು ದೂರು ಕೊಟ್ಟಿದಾರೆ."

"ಯಾವ ಮನೆಯೋರು? ತೋರ್ಸಿ," ಅಂದಳು ಹೆಣದಕ್ಕ. ಸಾಲುಮನೆಗಳ ಬಾಗಿಲಲ್ಲಿ ಎಲ್ಲರೂ ನಿಂತಿದ್ದರು. ಒಬ್ಬರೂ ಕೈ ಎತ್ತಲಿಲ್ಲ. "ವಾಸನೆ ಎಲ್ಲಿದೆ? ಬನ್ನಿ, ಬಗ್ಗಿ ಮೂಸಿ ನೋಡಿ. ಜೈಲಿಂದ ಬರ್ತಿದೆಯೇನೋ."

ಅವನು ಮೂಸಲಿಲ್ಲ. ಅಂಗಾಲಿನ ಕಡೆ ಒಮ್ಮೆ ನೋಡಿ ಜೀಪು ಹತ್ತಿದ.

ಮೂರನೇ ದಿನ ಮಧ್ಯಾಹ್ನ ವಕೀಲೆ ಬಂದಳು. ಬಟ್ಟೆ ಮುದುಡಿತ್ತು, ಕೆನ್ನೆಯ ಬಾವು ಇಳಿದಿರಲಿಲ್ಲ. ಕೈಯಲ್ಲಿ ಎರಡು ಹಾಳೆಯ ಆದೇಶ. ಬೇರೆ ಊರಿನ ಇಬ್ಬರು ಡಾಕ್ಟರು ಬಂದು ಹೆಣವನ್ನು ಮತ್ತೆ ಪರೀಕ್ಷಿಸಬೇಕು, ಎಲ್ಲವನ್ನೂ ಕ್ಯಾಮೆರಾದಲ್ಲಿ ಹಿಡಿಯಬೇಕು, ಮೊದಲ ಕಾಗದ ಬರೆದವರು ಮತ್ತು ಜೈಲಿನ ಮೇಲಧಿಕಾರಿ ಇಲ್ಲೇ ಹಾಜರಿರಬೇಕು. ಹೆಂಡತಿಗೆ ಅರ್ಥವಾಗುವ ಹಾಗೆ ಅವಳು ನಿಧಾನವಾಗಿ ಓದಿ ಹೇಳಿದಳು.

"ಅಂದ್ರೆ ಅವ್ರೇ ಇಲ್ಲಿಗೆ ಬರ್ತಾರಾ? ಈ ಅಂಗಳಕ್ಕೆ?"

"ಬರ್ಬೇಕು. ಇವತ್ತು ಸಂಜೆ ನಾಲ್ಕರೊಳಗೆ."

ಹೆಂಡತಿ ಎದ್ದಳು. ಅಂಗಳದಲ್ಲಿದ್ದ ಇಟ್ಟಿಗೆ ಚೂರು, ಹೊಟ್ಟು ಎಲ್ಲ ಗುಡಿಸಿ ದಾರಿ ಮಾಡಿದಳು. ಆಮೇಲೆ ಗಂಡನ ಕಾಲಬುಡಕ್ಕೆ ಹೋಗಿ, ಬಾಗಿಲಿಂದ ಬರುವವರಿಗೆ ಎಲ್ಲಕ್ಕಿಂತ ಮೊದಲು ಅದೇ ಕಾಣುವ ಹಾಗೆ, ಅಂಗಾಲಿನ ಮೇಲಿದ್ದ ಬಟ್ಟೆ ಸರಿಸಿದಳು.

"ಬರ್ಲಿ," ಅಂದಳು.